ಟಗರಿನ ಗದ್ದದ ಕೆಳಗೆ

ಪಾಸ್‌ಪೋರ್ಟ್ ಫೋಟೋದಲ್ಲಿ ನಗಬಾರದೆಂದರೆ
ಈ ಕಣಿವೆಯವರಿಗೆ ಅದೇನೂ ಕಷ್ಟವಲ್ಲ.
ನಗಿಸುವುದೇ ನನ್ನ ಮೂವತ್ತು ವರ್ಷದ ಪಾಡು:
ಮದುವೆಯಲ್ಲಿ, ಚಾಪೆಲ್ಲಿನ ಚಹಾ ಮೇಜಿನ ಸುತ್ತ,
ಉಣ್ಣೆ ಕತ್ತರಿಸುವ ದಿನ ಬೆಂಚಿನ ಮೇಲೆ ಸಾಲಾಗಿ ಕೂತ
ಎಂಟು ಮನೆಯ ಗಂಡಸರ ಮುಂದೆ
ನಾನು ಕುಣಿದರೂ ಅವರು ನೋಡುವುದು
ನನ್ನ ಹೆಗಲಾಚೆ, ಮೋಡ ಎತ್ತ ಹೊರಟಿದೆ ಎಂದು.

ಟಗರುಗಳು ವಾಸಿ.
ತಗಡಿನ ಡಬ್ಬಿಯಲ್ಲಿ ನಾಲ್ಕು ಬೆಣಚುಕಲ್ಲು ಹಾಕಿ
ಅಲ್ಲಾಡಿಸಿದರೆ ಸಾಕು, ಕಿವಿ ನೆಟ್ಟಗಾಗುತ್ತದೆ.

ಈ ಬುಧವಾರ ಅಂಗಡಿಯ ಅಗುಳಿ ತೆಗೆಯುವಾಗಲೇ
ಹೊಸ್ತಿಲಾಚೆ ಬ್ಲೈನ್‌ನಾಂಟಿನ ಮೊರ್ವಿದ್.
(ಇಲ್ಲಿ ಮನುಷ್ಯರನ್ನು ಕರೆಯುವುದೇ ಹೊಲಮನೆಯ ಹೆಸರು ಹಿಡಿದು;
ಮನೆ ಮಾರಿದರೂ ಹೆಸರು ಬಿಟ್ಟು ಹೋಗುವುದಿಲ್ಲ.)
ಬುಟ್ಟಿಯಲ್ಲಿ ಮೊಟ್ಟೆ. ಕೋಟು ಇನ್ನೂ
ಮಣ್ಣು ಮಾಡಿ ಬಂದ ದಿನದ ಕಪ್ಪಿನದೇ.
"ಇಡ್ವಾಲನದೊಂದು ಮುಖ ಬೇಕಿತ್ತು" ಅಂದಳು,
ಗುಂಡಿಯನ್ನೋ ದಾರವನ್ನೋ ಕೇಳುವ ಹಾಗೆ.
"ಮದುವೆಯದು?"
"ತೇವ ತಿಂದುಹಾಕಿತು. ಹಣೆ ಮಾತ್ರ ಉಳಿದಿದೆ."

ನನಗೆ ಧೈರ್ಯವಿತ್ತು. ಹನ್ನೆರಡು ಬೇಸಗೆ,
ಪ್ರದರ್ಶನದಲ್ಲಿ ಕೆಂಪು ರಿಬ್ಬನ್ ಗೆದ್ದಾಗಲೆಲ್ಲ
ಅವನೆದುರು ಟ್ರೈಪಾಡ್ ಊರಿದವನು ನಾನು.

ರಾತ್ರಿ, ಹಿತ್ತಲ ಉಗ್ರಾಣದ ಕತ್ತಲೆ ಕೋಣೆಯಲ್ಲಿ
(ಅಮ್ಮ ಬೆಣ್ಣೆ ಕಡೆಯುತ್ತಿದ್ದ ಜಾಗ;
ಹೈಪೋ ವಾಸನೆಯ ತಳದಲ್ಲಿ ಇನ್ನೂ ಹುಳಿ ಮಜ್ಜಿಗೆ)
ಪೆಟ್ಟಿಗೆಗಳನ್ನು ಒಂದೊಂದಾಗಿ ಇಳಿಸಿದೆ.
ನೆಗೆಟಿವ್‌ಗಳನ್ನು ಬೆಳಕಿಗೆ ಹಿಡಿದೆ:
ಕಪ್ಪು ಆಕಾಶ, ಕಪ್ಪು ಉಣ್ಣೆ, ಬೆಳ್ಳಗೆ ಹೊಳೆವ ಗೊರಸು.
ಹನ್ನೆರಡು ಟಗರು. ಇಡ್ವಾಲ್ ಎಲ್ಲಿ?
ಒಂದರಲ್ಲಿ ಬೂಟಿನ ತುದಿ.
ಒಂದರಲ್ಲಿ ಟೋಪಿಯ ಅಂಚು, ಬೆನ್ನ ಮೇಲೆ ಕಾಗೆ ಕೂತಂತೆ.
ಕ್ಲಿಕ್ಕಿಗೆ ಅರೆಗಳಿಗೆ ಮುಂಚೆ ತಲೆ ತಗ್ಗಿಸಿ
ಪ್ರಾಣಿಯ ಹಿಂದೆ ಅಡಗಿದ್ದಾನೆ, ಪ್ರತಿ ವರ್ಷ.
ನಾನು ಗಮನಿಸಿಯೇ ಇರಲಿಲ್ಲ.
ನಾನೂ ಟಗರನ್ನೇ ನೋಡುತ್ತಿದ್ದೆ.

ಸಿಕ್ಕಿದ್ದು ಕೈ.
ಗದ್ದದ ಕೆಳಗೆ, ಅಂಗೈ ಮೇಲಾಗಿ,
ಹೆಬ್ಬೆರಳಿಗೆ ಉಗುರಿಲ್ಲ.
ಆ ಕೈಗುಣದ ಮಾತು ಇಡೀ ಕಣಿವೆಯೇ ಆಡುತ್ತಿತ್ತು:
ಅಡ್ಡ ತಿರುಗಿದ ಮರಿಯನ್ನು
ಮಾರ್ಚ್ ತಿಂಗಳ ನಡುರಾತ್ರಿ ಒಳಗೇ ತಡವಿ ಸರಿಮಾಡಿ
ಇಳಿಸುತ್ತಿದ್ದನಂತೆ, ಕುರಿಯ ಕಿವಿಯಲ್ಲಿ ಏನೋ ಗೊಣಗುತ್ತ.
ಏನು ಗೊಣಗುತ್ತಿದ್ದ ಎಂದು ಯಾರೂ ಹೇಳಲಿಲ್ಲ.

ಎನ್‌ಲಾರ್ಜರ್ ಎತ್ತರಿಸಿದೆ. ಕಾಗದವನ್ನು ತಟ್ಟೆಯಲ್ಲಿ ತೂಗಿದೆ.
ಕೆಂಪು ದೀಪದಡಿ ಮೊದಲು ಗೆಣ್ಣುಗಳು ಬಂದವು,
ಆಮೇಲೆ ನರ, ಕೊನೆಗೆ ಮಣಿಕಟ್ಟಿನ ಹತ್ತಿರ
ಕುರಿಗೆ ಗುರುತು ಹಾಕುವ ಬಣ್ಣದ ಒಂದು ಹನಿ.
ಮುಖವೂ ಇಷ್ಟು ಹೇಳುತ್ತಿರಲಿಲ್ಲ ಎಂದು
ನನಗೆ ನಾನೇ ಸಮಾಧಾನ ಹೇಳಿಕೊಂಡೆ.
ನಂಬಲಿಲ್ಲ.

ಶುಕ್ರವಾರ ಬಂದಳು. ಮೇಜಿನ ಮೇಲಿಟ್ಟು
ಕ್ಷಮೆ ಕೇಳಲು ಬಾಯಿ ತೆರೆದೆ.
ಅವಳು ಕೈಗವಸು ಬಿಚ್ಚಿದಳು.
ಕೈ ಹಿಡಿದವನ ಕೈಯನ್ನು ತುಂಬ ಹೊತ್ತು ನೋಡಿದಳು,
ಮುಟ್ಟಲಿಲ್ಲ.
"ಟಗರು ಎಲ್ಲಿ?"
"ಕತ್ತರಿಸಿದೆ. ಕೈ ದೊಡ್ಡದಾಗಿ ಕಾಣಲಿ ಅಂತ."
"ತಿರುಗಿ ಸೇರಿಸು. ಟಗರಿಲ್ಲದಿದ್ದರೆ
ಬೇಡುವವನ ಹಾಗೆ ಕಾಣುತ್ತಾನೆ.
ಯಾರ ಮುಂದೆಯೂ ಹಾಗೆ ಕೈ ಚಾಚಿದವನಲ್ಲ."
ಮೊಟ್ಟೆ ಎಣಿಸಿ ಇಟ್ಟಳು, ಹನ್ನೆರಡು.
ಒಂದಕ್ಕೆ ಗರಿ ಅಂಟಿತ್ತು.

ಹತ್ತು ಗಂಟೆಗೆ ಶಾಲೆಯ ಗುಂಪು ಚಿತ್ರ.
ಆರು ಮಕ್ಕಳು, ಒಬ್ಬ ಟೀಚರ್. ಜುಲೈಗೆ ಬೀಗ ಹಾಕುತ್ತಾರಂತೆ.
ಎಲ್ಲರೂ ಹೇಳಿದಲ್ಲಿ ನಿಂತರು.
ಹಿಂದಿನ ಸಾಲಿನ ಕಿನನ್ ಮಾತ್ರ
ಟೀಚರ್ ಭುಜದ ಮರೆಗೆ ತಲೆ ತಗ್ಗಿಸಿದ.
ಕ್ಯಾಮೆರಾದಿಂದ ಕಣ್ಣು ತೆಗೆದೆ.
ಜೇಬಿನಲ್ಲಿ ತಗಡಿನ ಡಬ್ಬಿ ಇತ್ತು.
ಅಲ್ಲಾಡಿಸಿದೆ.