ಸೋಡ ಪ್ಯಾರೇಜಾನ್ ಹೇಳಿದ್ದು

ಸಿಲಿಂಡರ್ ಬೇಕಿತ್ತು ಅಂತ ಅಂಗಡಿಗೇ ಬಂದರು
ಅರಸೀಕೆರೆ ಹೈಸ್ಕೂಲಿನ ವನಮಾಲಾ ಟೀಚರ್.
ಮದುವೆಗಾ, ಅಂದೆ.
ಅಲ್ಲ, ಗಾಳಿಗೆ ಜ್ವರ ಬರುತ್ತಾ ನೋಡೋಕೆ, ಅಂದರು.

ಮೂವತ್ತು ವರ್ಷದಿಂದ ಈ ಗ್ಯಾಸನ್ನು
ಗೋಲಿಯ ಕೆಳಗೆ ಕೂಡಿಹಾಕಿದವನು ನಾನು.
ಹೆಬ್ಬೆರಳಿಗೆ ಒದೆಯುತ್ತದೆ, ಮೂಗಿಗೆ ಚುಚ್ಚುತ್ತದೆ,
ಬಿರಿಯಾನಿ ಉಂಡವನ ಹೊಟ್ಟೆಯಿಂದ
ಸದ್ದು ಮಾಡಿಕೊಂಡು ಹೊರಟುಹೋಗುತ್ತದೆ.
ಎಲ್ಲಿಗೆ ಅಂತ ಕೇಳಿದವನಲ್ಲ.

ಶಿವರಾತ್ರಿ ಕಳೆದ ಬಿಸಿಲು. ಅಂಗಳದಲ್ಲಿ
ಎರಡು ಹಾರ್ಲಿಕ್ಸ್ ಬಾಟಲಿ:
ಒಂದರಲ್ಲಿ ಬರೀ ಗಾಳಿ, ಇನ್ನೊಂದರಲ್ಲಿ ನನ್ನ ಗ್ಯಾಸು.
ಮುಚ್ಚಳಕ್ಕೆ ತೂತು, ತೂತಿಗೆ ಥರ್ಮಾಮೀಟರ್,
ಸಂದಿಗೆ ಮೈದಾ ಕಣಕ.
ಎಲ್ಲರೂ ಬಗ್ಗಿ ನೋಡುತ್ತಿದ್ದಂತೆ
ನನ್ನ ಬಾಟಲಿಯ ಪಾದರಸ
ಇಳಿಯಿತು!

ಹುಡುಗರು ಕಿಸಕ್ಕೆಂದರು. ಟೀಚರ್ ಮುಖ ಸಣ್ಣಗಾಯಿತು.
ಆಗ ನಾನೇ ಬಾಯಿ ಬಿಟ್ಟೆ:
ಅಮ್ಮಾ, ಸಿಲಿಂಡರಿಂದ ಬಂದದ್ದು ಚಳಿ ಹೊತ್ತೇ ಬರುತ್ತೆ,
ಬೇಸಿಗೆಯಲ್ಲೂ ವಾಲ್ವಿಗೆ ಬೆಳ್ಳಗೆ ಹಿಮ ಕಟ್ಟುತ್ತೆ.
ನೆರಳಲ್ಲಿಡಿ ಸ್ವಲ್ಪ ಹೊತ್ತು,
ಅದಕ್ಕೂ ಊರು ಒಗ್ಗಲಿ.

ಬೀರೂರಿನ ಕಡೆ ಒಂದು ಗೂಡ್ಸು ಹೋಯಿತು, ಉದ್ದದ್ದು.
ಮತ್ತೆ ಬಿಸಿಲಿಗೆ. ಹನ್ನೆರಡೂವರೆಗೆ
ಗಾಳಿಯದು ನಲವತ್ತೊಂದು, ನನ್ನದು ನಲವತ್ತೆರಡು.
ಹೋ ಅಂದರು. ಮೊದಲು ಹೆಮ್ಮೆ ಅನ್ನಿಸಿತು ನನಗೆ,
ಆಮೇಲೆ ಕಳ್ಳಮಾಲು ಮಾರಿ ಸಿಕ್ಕಿಬಿದ್ದ ಹಾಗೆ.

ಕೊಬ್ಬರಿ ಮಂಡಿ ಕಲ್ಲೇಶನ ಮಗಳು ದಾಕ್ಷಾಯಣಿ ಮಾತ್ರ
ಹೋ ಅನ್ನಲಿಲ್ಲ. ತಕ್ಕಡಿ ನೋಡಿ ಬೆಳೆದ ಹುಡುಗಿ.
ಥರ್ಮಾಮೀಟರ್ ಅದಲುಬದಲು ಮಾಡಿ ಮಿಸ್, ಅಂದಳು.
ಹೊಸದಾಗಿ ಗ್ಯಾಸು ತುಂಬಿ, ಕಾದು, ನೋಡಿದರೆ
ಒಂದು ಡಿಗ್ರಿ ಅರ್ಧಕ್ಕಿಳಿದಿತ್ತು.
ಅರ್ಧ ಮಾತ್ರ ಹಟ ಹಿಡಿದು ಕೂತಿತ್ತು.

ಅವಳು ಬಿಡಲಿಲ್ಲ: ಇದು ಭಾರದ ಗ್ಯಾಸು,
ಅಲ್ಲಾಡದೆ ಕೂತದ್ದಕ್ಕೇ ಬಿಸಿಯಾಗಿದ್ದರೆ?
ಟೀಚರ್ ಸೀಮೆಸುಣ್ಣದ ಕೈ ಸೀರೆಗೆ ಒರೆಸಿಕೊಂಡು
ಅದನ್ನ ಹೇಳೋ ಶಕ್ತಿ ಈ ಬಾಟಲಿಗಿಲ್ಲ, ಅಂದರು.
ಗೊತ್ತಿಲ್ಲ ಅನ್ನೋದನ್ನು
ಅಷ್ಟು ಗಟ್ಟಿ ದನಿಯಲ್ಲಿ ನಾನು ಕೇಳಿರಲಿಲ್ಲ.

ದೊಡ್ಡ ಬಾಟಲಿ ತಲೆ ಮೇಲಿದೆ, ಅಂದರು ಆಮೇಲೆ.
ಮೋಡದ ರಾತ್ರಿ ಎಷ್ಟು, ಚುಕ್ಕಿ ರಾತ್ರಿ ಎಷ್ಟು,
ಬೆಳಗಿನ ಜಾವ ಎದ್ದು ಬರೆದುಕೊಂಡು ಬನ್ನಿ.
ನನಗೂ ಒಂದು ಥರ್ಮಾಮೀಟರ್ ಕೊಟ್ಟರು, ಬಾಡಿಗೆ ಬದಲು.

ತಾರಸಿ ಮೇಲೆ ಮಲಗುವವನು ನಾನು.
ಸೋಡ ಬಾಕಿಯ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದಿದ್ದೇನೆ:
ಮಂಗಳವಾರ ಮೋಡ, ಇಪ್ಪತ್ತಮೂರು.
ಬುಧವಾರ ಚುಕ್ಕಿ, ಹದಿನೆಂಟು. ಎರಡು ಕಂಬಳಿ.
ಗುರುವಾರ ಅರ್ಧ ಮೋಡ, ಇಪ್ಪತ್ತೊಂದು.
ಶುಕ್ರವಾರ ಎಚ್ಚರವಾಗಲಿಲ್ಲ.