ರಸೀದಿ

ಕುತಾಯಿಸಿಯ ತರಕಾರಿ ಬಜಾರಿನ ಹಿಂದೆ
ಗಡಿಯಾರ ರಿಪೇರಿಯ ಓತಿಯಾ.
ನಲವತ್ತೊಂದು ವರ್ಷ ಬಲಗಣ್ಣಿಗೆ
ಭೂತಗನ್ನಡಿ ಸಿಕ್ಕಿಸಿಕೊಂಡು ಕೂತವನು.
ಈಗ ಮೇಲ್ರೆಪ್ಪೆಯ ಅಂಚಿಗೆ ಗಂಟೊಂದು
ಸಾಸಿವೆಯಿದ್ದದ್ದು ಮೆಣಸಿನಕಾಳಾಗಿ
ಕನ್ನಡಿಯನ್ನು ಕೂರಗೊಡುವುದಿಲ್ಲ.

"ನೋವೇ?"
"ಇಲ್ಲ ಡಾಕ್ಟರ್, ಕಿರಿಕಿರಿ.
ಬಂದ ನೆಂಟ ಹೊರಡುತ್ತಿಲ್ಲ, ಅಷ್ಟೆ."
ಕೆನ್ನೆಯಲ್ಲಿ, ಕಿವಿಯ ಬಳಿ ಇನ್ನೂ ಮೂರಿದ್ದವು.
"ಮತ್ತೆ ಇವು?"
"ಇವು ಬಾಡಿಗೆಯವು. ತಮ್ಮ ಪಾಡಿಗಿವೆ, ಇರಲಿ ಬಿಡಿ."

ಸೂಜಿಮದ್ದಿಗೆ ರೆಪ್ಪೆ ಉಬ್ಬಿತು.
ಚಿಮಟದಲ್ಲಿ ಹಿಡಿದು ಬುಡ ಸವರಿದೆ.
ಎರಡು ಹನಿ ರಕ್ತ.
ಕಾದ ತಂತಿಯ ತುದಿ ಮುಟ್ಟಿಸಿದರೆ
ಸುಟ್ಟ ಕೂದಲಿನ ವಾಸನೆ.
ಬಟ್ಟೆಯಡಿಯಿಂದ ಅವನ ದನಿ:
"ಬೆಸುಗೆ ನಾನೂ ಹಾಕುತ್ತೇನೆ.
ಹೊಗೆ ಇಷ್ಟು ಬರಬಾರದು."

ಎದ್ದು ಕೂತವನೇ ಕೈ ಚಾಚಿದ.
"ತೆಗೆದ ಭಾಗ ಗಿರಾಕಿಗೆ ಸೇರಬೇಕು,
ಹಲ್ಲು ಮುರಿದ ಚಕ್ರವಾದರೂ
ಕಾಗದದಲ್ಲಿ ಸುತ್ತಿ ಕೊಡುತ್ತೇನೆ ನಾನು."
ಇದು ತ್ಬಿಲಿಸಿಗೆ ಹೋಗಬೇಕು, ಅಲ್ಲೊಬ್ಬರು
ನಿಮ್ಮದಕ್ಕಿಂತ ದೊಡ್ಡ ಕನ್ನಡಿಯಲ್ಲಿ ನೋಡುತ್ತಾರೆ, ಎಂದೆ.
ಯೋಚಿಸಿದ.
"ಹಾಗಿದ್ದರೆ ರಸೀದಿ ಕೊಡಿ."

ನಗದೆ ಬರೆದೆ:
ಬಲಗಣ್ಣು, ಮೇಲಿನ ರೆಪ್ಪೆ, ಒಂದು.
ನಾಲ್ಕು ಮಿಲಿಮೀಟರ್. ತೂಕ ನೋಡಿಲ್ಲ.
ಓದಿ, ಮಡಚಿ, ಟೋಪಿಯೊಳಗೆ ಇಟ್ಟುಕೊಂಡ.

ಹದಿನೆಂಟನೆಯ ದಿನ ವರದಿ ಬಂತು,
ತಿರುಳು ಒಂದೇ ಸಾಲು: ಕೇಡಿಲ್ಲದ್ದು.
ಫೋನೆತ್ತುವ ಆಸಾಮಿಯಲ್ಲ ಅವನು.
ರಿಯೋನಿಯ ಸೇತುವೆ ದಾಟಿ ನಡೆದೇ ಹೋದೆ
ಅಕ್ರೋಟಿನ ಚೀಲಗಳ, ಒಣಮೆಣಸಿನ ಸರಗಳ ಸಂದಿಯಲ್ಲಿ.
ಅಂಗಡಿಯ ಗೋಡೆಗೆ ಹತ್ತಾರು ಗಡಿಯಾರ,
ಒಂದರ ಹೊತ್ತು ಇನ್ನೊಂದಕ್ಕೆ ಒಪ್ಪಿಗೆಯಿಲ್ಲ.

"ಕೇಡಿಲ್ಲ" ಎಂದೆ.
"ಗೊತ್ತಿತ್ತು" ಎಂದ.
ಎಂದವನು ಚಿಮಟ ಕೆಳಗಿಟ್ಟು
ಎರಡೂ ಅಂಗೈ ಮೇಜಿನ ಮೇಲೆ ಊರಿ
ಸ್ವಲ್ಪ ಹೊತ್ತು ಸುಮ್ಮನೆ ಕೂತ.
ರಸೀದಿ ಹರಿಯಲಿಲ್ಲ; ಡ್ರಾಯರಿಗೆ ಹಾಕಿದ,
ಯಾರೂ ಬಿಡಿಸಿಕೊಳ್ಳದ ಕೈಗಡಿಯಾರಗಳ ಚೀಟಿಗಳ ಜೊತೆ.

ಆಮೇಲೆ ಭೂತಗನ್ನಡಿ ಕಣ್ಣಿಗೇರಿತು.
ಸಲೀಸಾಗಿ ಕೂತಿತು.
ನನಗೆ ತೋರಿಸಲೆಂದೇ ತಲೆಯೆತ್ತಿದ,
ಎತ್ತಿದವನು ಇಳಿಸಲಿಲ್ಲ.
ಮೇಜಿನ ದೀಪವನ್ನು ಇತ್ತ ತಿರುಗಿಸಿದ.

"ಡಾಕ್ಟರ್, ನಿಮ್ಮ ಮೂಗಿನ ಎಡಕ್ಕೆ
ಮುತ್ತಿನ ಚೂರಿನಂಥದೊಂದು.
ಎಷ್ಟು ದಿನದ್ದು?"

ದಿನಕ್ಕೆ ಇಪ್ಪತ್ತು ಮುಖ ನೋಡುವವಳು
ಗೋಡೆಯ ಗಡಿಯಾರಗಳ ಗಾಜಿನಲ್ಲಿ
ನನ್ನದನ್ನು ಹುಡುಕಿದೆ.