ಗೊಂಡೆಲ್ ಕಥೆ ಹೇಳುವ ಹೊತ್ತು

ಗೊಂಡೆಲಳ ಕಥೆಯಲ್ಲಿ ದೆವ್ವಕ್ಕೆ ಸಿಗುತ್ತಿದ್ದುದು
ಒಂದೇ ಸಾಲು. ಅದೂ ಪೂರ್ತಿಯಲ್ಲ.
ಮಿಕ್ಕಿದ್ದೆಲ್ಲ ನೀರು, ಗಡಿಯಾರ,
ಗಾಳಿಗೆ ಬೆನ್ನು ಕೊಟ್ಟು ನಿಂತ ಕುರಿಗಳು.

ಉತ್ತರ ಸಮುದ್ರದಲ್ಲೊಂದು ಮಣ್ಣಿನ ದಿಬ್ಬ,
ದಿಬ್ಬದ ಮೇಲೆ ಹುಲ್ಲು ಹೊದಿಸಿದ ಮನೆ, ನೀಲಿ ಬಿಲ್ಲೆಗಳ ಗೋಡೆ.
ನಾವು ಕೂತಿದ್ದ ಮನೆಯೇ ಅದು.
ಒಂದಾನೊಂದು ಕಾಲ ಎಂದು ಅವಳು ಯಾವತ್ತೂ ಶುರು ಮಾಡಲಿಲ್ಲ.
"ನವೆಂಬರ್ ಹನ್ನೊಂದು. ಐದೂ ಕಾಲು," ಅನ್ನುವಳು,
"ನೀರು ತಿರುಗಿ ಬಹಳ ಹೊತ್ತಾಯಿತು."

ನಾಮೆನ್ ಕೆಸರುಬಯಲು ದಾಟಿ ಆಚೆ ದಡಕ್ಕೆ ಹೋಗಿದ್ದಾನೆ,
ಸೀಮೆಎಣ್ಣೆಗೆ, ಹೆಂಡತಿ ಫ್ರೌಕೆಯ ಕೆಮ್ಮಿನ ಔಷಧಕ್ಕೆ.
ಎರಡೂವರೆ ಮೈಲಿ. ಗುರುತಿಗೆ ಕಡ್ಡಿ ನೆಟ್ಟಿದ್ದಾರೆ.
ಆರೂ ಹತ್ತರವರೆಗೆ ಅದು ದಾರಿ,
ಆಮೇಲೆ ಸಮುದ್ರ.
ಇಷ್ಟು ಹೇಳಿ ಚಹಾ ಬಗ್ಗಿಸಿಕೊಳ್ಳುವಳು.
ಕಪ್ಪಿನೊಳಗೆ ಕಲ್ಲುಸಕ್ಕರೆ ಟಪ್ಪನೆ ಬಿರಿಯುವುದು,
ನಾವು ಮೂವರೂ ಬೆಚ್ಚುವೆವು.

ಐದೂವರೆ: ಫ್ರೌಕೆ ಕಿಟಕಿಯಲ್ಲಿ ದೀಪ ಇಡುತ್ತಾಳೆ.
ಐದು ಮುಕ್ಕಾಲು: ಮೊದಲ ಕಡ್ಡಿಯ ಬುಡಕ್ಕೆ ನೀರು.
ಆರು: ಬತ್ತಿ ಸಣ್ಣಗಾಗುತ್ತದೆ,
ಎಣ್ಣೆ ತರುವವನು ಇನ್ನೂ ಬಂದಿಲ್ಲ.
ಹೇಳುತ್ತಲೇ ಗೊಂಡೆಲ್ ಸೀಗಡಿ ಸುಲಿಯುವಳು;
ನಿಮಿಷಗಳೂ ಹಾಗೆಯೇ, ಒಂದೊಂದಾಗಿ ತಟ್ಟೆಗೆ.

ಆರೂ ಹತ್ತು.
ಆರೂ ಹನ್ನೊಂದು.
ನಾಲ್ಕು ದಿಕ್ಕಿನಲ್ಲೂ ಯಾರೂ ಇಲ್ಲ,
ಇರಲು ನೆಲವೂ ಇಲ್ಲ.
"ಇನ್ನು ಬೆಳಗಾಗುವ ತನಕ ಈ ಮನೆಗೆ ಯಾರೂ ಬರಲಾರರು," ಅನ್ನುವಳು,
ಸಮಾಧಾನ ಹೇಳುವವಳ ಹಾಗೆ.

ಎಂಥ ಮಾತು! ಚಿಲಕ ಹಾಕಿದ ಮೇಲೆಯೇ ಅಲ್ಲವೆ
ಕಣ್ಣು ಹೋಗಿ ಚಿಲಕಕ್ಕೆ ನಾಟುವುದು.
ಗೆಸ್ಕೆ ಅಷ್ಟು ಹೊತ್ತಿಗೆ ಗೋಡೆಯೊಳಗಿನ ಮಂಚಕ್ಕೆ ಹತ್ತಿ
ಕದ ಎಳೆದುಕೊಂಡಿರುವಳು, ಒಂದು ಬೆರಳಷ್ಟು ಸಂದಿ ಬಿಟ್ಟು.

ಆಮೇಲೆ ತುಂಬ ಹೊತ್ತು ಏನೂ ಆಗುವುದಿಲ್ಲ.
ಏನೂ ಆಗದಿರುವುದನ್ನು ಅವಳಷ್ಟು ಚೆನ್ನಾಗಿ ಹೇಳಿದವರನ್ನು ನಾನು ಕಾಣೆ.
ಫ್ರೌಕೆ ಕಾಲುಚೀಲ ಹೆಣೆಯುತ್ತಾಳೆ. ಒಂದು ಕುಣಿಕೆ ತಪ್ಪುತ್ತದೆ.
ಬಿಚ್ಚುತ್ತಾಳೆ. ಮತ್ತೆ ಹೆಣೆಯುತ್ತಾಳೆ.
ಹೊರಗೆ ಕುರಿಗಳು ಅರಚುವುದನ್ನು
ಒಮ್ಮೆಲೇ, ಎಲ್ಲವೂ ಒಟ್ಟಿಗೆ, ನಿಲ್ಲಿಸುತ್ತವೆ.

"ಏಳು ಗಂಟೆ. ಬಾಗಿಲ ಮೇಲೆ ಮೂರು ಬಡಿತ,
ನಾಮೆನ್ ಬಡಿಯುತ್ತಿದ್ದ ಹಾಗೆಯೇ.
ಆದರೆ ಕೆಳಗಡೆ, ಮೊಣಕಾಲಿನ ಎತ್ತರದಲ್ಲಿ..."

ಅಲ್ಲಿಗೆ ಬಿಟ್ಟು, ಮಡಿಲಿನ ಸಿಪ್ಪೆ ಬಳಿದುಕೊಂಡು ಏಳುವಳು.
ನಮ್ಮ ಗೋಡೆಯ ಗಡಿಯಾರ ಆಗ ಏಳು ಹೊಡೆಯುತ್ತಿರುತ್ತಿತ್ತು.

ಅವಳು ತೀರಿಕೊಂಡ ವರ್ಷ ಮೋಮೆ ಅವಳ ಮೇಜಿನ ಖಾನೆ ತೆಗೆದ:
ಉಬ್ಬರ ಇಳಿತದ ಪಟ್ಟಿಗಳು, ಮೂವತ್ತೊಂದು ವರ್ಷದವು.
ಪ್ರತಿಯೊಂದರಲ್ಲೂ ಒಂದೇ ಒಂದು ಸಂಜೆಗೆ ಪೆನ್ಸಿಲ್ ಗೀಟು,
ಆರೂ ಹತ್ತಕ್ಕೆ ದಾರಿ ಮುಚ್ಚುವ ಸಂಜೆ.
ಮುಹೂರ್ತ ಇಟ್ಟು ಹೆದರಿಸುತ್ತಿದ್ದಳು ನಮ್ಮನ್ನು!
ಕಥೆಯ ತಾರೀಖು ವರ್ಷವರ್ಷವೂ ಬೇರೆ,
ನಾವು ಗಮನಿಸಿಯೇ ಇರಲಿಲ್ಲ.

ಒಂದು ಪಟ್ಟಿಯಲ್ಲಿ ಮಾತ್ರ, ನಾವೆಲ್ಲ ಓದಲು ಊರು ಬಿಟ್ಟ ಮೇಲಿನದು,
ಗೀಟಿನ ಪಕ್ಕ ಎರಡು ಸಾಲು ಬರೆದಿದ್ದಳು:
"ಈ ಸಲ ಹೇಳಲು ಯಾರೂ ಇರಲಿಲ್ಲ.
ಆದರೂ ಬಡಿಯಿತು."

ಮೋಮೆ ನಕ್ಕ. ನಾನೂ ನಕ್ಕೆ.
ನಕ್ಕು ಮುಗಿದ ಮೇಲೆ ಇಬ್ಬರೂ ಒಟ್ಟಿಗೆ
ಗಡಿಯಾರ ನೋಡಿದೆವು.